ಸೀಟು ಕೇಳಿದರೆ ಹಯಾ ಹೋಗುವುದಿಲ್ಲ

ಕೋಲಾರ, ಬಂಗಾರಪೇಟೆ, ಬೆಂಗಳೂರು, ಮೈಸೂರು ಕಡೆಯಿಂದ ಕೆಲಸಕ್ಕೆಂದೋ ಮದುವೆಯಾಗಿಯೋ ಚೆನ್ನೈಗೆ ಹೋಗಿ ನೆಲೆಸಿದ ನಮ್ಮ ಹೆಣ್ಣುಮಕ್ಕಳು ಕಡಿಮೆಯೇನಿಲ್ಲ. ತಿರುವಲ್ಲಿಕೇಣಿ, ರಾಯಪೇಟ, ಪಲ್ಲಾವರಂ ಎಲ್ಲ ಕಡೆ ಇದ್ದಾರೆ. ಬಸುರಾದ ಮೇಲೂ ಅವರಲ್ಲಿ ಎಷ್ಟೋ ಜನ ಕೆಲಸಕ್ಕೆ, ಆಸ್ಪತ್ರೆಗೆ ಲೋಕಲ್ ರೈಲಿನಲ್ಲೇ ಓಡಾಡುತ್ತಾರೆ. ಈ ಲೇಖನ ಮೊದಲು ಅವರಿಗೆ. ಆಮೇಲೆ ಅವರ ಗಂಡಂದಿರಿಗೆ, ಅತ್ತೆಯರಿಗೆ, ಅದೇ ಬೋಗಿಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತಿರುವ ವಿದ್ಯಾರ್ಥಿಗಳಿಗೆ.

ನಿಂತರೆ ಏನಾಗುತ್ತೆ?

ಮನೆಯ ಹಿರಿಯರು ಕೇಳುವ ಮಾತು ಇದು: "ನಾವೆಲ್ಲ ಒಂಬತ್ತು ತಿಂಗಳೂ ಹೊಲ, ಬಾವಿ, ಒಲೆ ಅಂತ ದುಡಿದಿಲ್ಲವಾ? ಅರ್ಧ ಗಂಟೆ ನಿಂತರೆ ಏನಾಗಿಬಿಡುತ್ತೆ?" ಪ್ರಶ್ನೆ ಸರಿಯಾದದ್ದೇ, ಉತ್ತರ ಕೊಡಬೇಕು.

ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಅದೇ ಹೊತ್ತಿಗೆ ರಕ್ತನಾಳಗಳು ಸಡಿಲಗೊಳ್ಳುತ್ತವೆ, ಮೊದಲ ಐದಾರು ತಿಂಗಳಲ್ಲಿ ಬಿ.ಪಿ. ಸ್ವಲ್ಪ ಇಳಿಯುತ್ತದೆ. ನಡೆದಾಡುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಕಾಲಿನಿಂದ ಮೇಲಕ್ಕೆ ತಳ್ಳುತ್ತವೆ. ಹೊಲದಲ್ಲಿ ದುಡಿಯುವವಳ ಕಾಲು ಆಡುತ್ತಲೇ ಇರುತ್ತದೆ. ರೈಲಿನ ನೂಕುನುಗ್ಗಲಿನಲ್ಲಿ ಕಾಲು ಅಲುಗಿಸಲೂ ಜಾಗವಿಲ್ಲ. ರಕ್ತ ಕಾಲಲ್ಲೇ ನಿಲ್ಲುತ್ತದೆ, ತಲೆಗೆ ಹೋಗುವುದು ಕಡಿಮೆಯಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಮೇಲೆ ಚೆನ್ನೈಯ ಸೆಕೆ ಬೇರೆ. ಹೀಗಾಗಿ ದುಡಿಯುವುದೂ ಅಲ್ಲಾಡದೆ ನಿಲ್ಲುವುದೂ ಒಂದೇ ಅಲ್ಲ.

ಇದಕ್ಕೆ ರಕ್ತಹೀನತೆ ಸೇರಿದರೆ ಕಷ್ಟ ಎರಡರಷ್ಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಬಸುರಿಯರಲ್ಲಿ ಶೇಕಡಾ 52.2ರಷ್ಟು ಜನರಿಗೆ ರಕ್ತಹೀನತೆ ಇದೆ. ಅಂದರೆ ಇಬ್ಬರಲ್ಲಿ ಒಬ್ಬರು. ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯ ಭಾರ ಮುಂದಕ್ಕೆ ಎಳೆಯುತ್ತದೆ, ಕೀಲುಗಳು ಸಡಿಲವಾಗಿರುತ್ತವೆ. ರೈಲು ಒಮ್ಮೆ ಜಗ್ಗಿದರೆ ಸಾಕು, ಆಯ ತಪ್ಪುತ್ತದೆ.

ಇನ್ನೊಂದು ಮಾತು ನೆನಪಿಡಿ. ವಾಂತಿ, ಸುಸ್ತು, ತಲೆಸುತ್ತು ಹೆಚ್ಚಾಗಿ ಕಾಡುವುದು ಮೊದಲ ಮೂರು ತಿಂಗಳಲ್ಲಿ. ಆಗ ಹೊಟ್ಟೆ ಕಾಣುವುದೇ ಇಲ್ಲ.

ಯಾರೂ ಏಕೆ ಏಳುವುದಿಲ್ಲ?

ಜನಕ್ಕೆ ಕರುಣೆ ಇಲ್ಲ ಅಂತ ಬೈಯುವುದು ಸುಲಭ. ಕೂತವರ ಕಡೆಯಿಂದಲೂ ಒಮ್ಮೆ ನೋಡಿ. ಒಬ್ಬರು ನಿದ್ದೆಯಲ್ಲಿದ್ದಾರೆ, ಒಬ್ಬರು ಫೋನಿನಲ್ಲಿದ್ದಾರೆ. ಮೂರನೆಯವರಿಗೆ ಅನುಮಾನ ಬಂದಿದೆ, ಆದರೆ ಎದ್ದು ಜಾಗ ಕೊಟ್ಟ ಮೇಲೆ "ನಾನು ಬಸುರಿ ಅಲ್ಲ" ಅಂತ ಮುಖ ಗಂಟಿಕ್ಕಿದರೆ? ಆ ಸಂಕೋಚಕ್ಕೆ ಅವರು ಕಿಟಕಿಯ ಕಡೆ ತಿರುಗಿಬಿಡುತ್ತಾರೆ.

ನಮ್ಮ ಹೆಂಗಸರ ವಿಷಯದಲ್ಲಿ ಇನ್ನೂ ಎರಡು ಪರದೆಗಳಿವೆ. ಒಂದು ಬುರ್ಖಾ. ಸಡಿಲವಾದ ಬುರ್ಖಾದೊಳಗೆ ಏಳು ತಿಂಗಳ ಹೊಟ್ಟೆಯೂ ಎದುರಿನವರಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಮಾತಿನ ಪರದೆ. ನಜರ್ ತಾಕುತ್ತೆ ಅಂತ ಮೂರು ತಿಂಗಳ ತನಕ ಹತ್ತಿರದ ಖಾಲಾಗೂ ಹೇಳದವಳು, ರೈಲಿನಲ್ಲಿ ಗುರುತು ಪರಿಚಯ ಇಲ್ಲದವರಿಗೆ ಹೇಗೆ ಹೇಳಿಯಾಳು?

ಕಾಣದ ಬಸುರಿನ ಸಮಸ್ಯೆ ಬೇರೆ ಊರುಗಳಲ್ಲೂ ಇದೆ. ಲಂಡನ್ ಸಾರಿಗೆಯವರು 2005ರಲ್ಲಿ ಬಸುರಿಯರಿಗೆ ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ ಕೊಡಲು ಶುರುಮಾಡಿದರು. ಜಪಾನಿನಲ್ಲಿ 2006ರಿಂದ ಬ್ಯಾಗಿಗೆ ತೂಗುಹಾಕುವ ಮಾತೃತ್ವ ಚಿಹ್ನೆ ಇದೆ. ದಕ್ಷಿಣ ಕೊರಿಯಾದ ಬುಸಾನಿನಲ್ಲಿ 2016ರಲ್ಲಿ, ಬಸುರಿ ಹತ್ತಿರ ಬಂದರೆ ಸೀಟಿನ ಪಕ್ಕ ಗುಲಾಬಿ ದೀಪ ತಾನೇ ಹೊತ್ತಿಕೊಳ್ಳುವ ಏರ್ಪಾಟು ಮಾಡಿ ನೋಡಿದರು. ಇವೆಲ್ಲ ಬಾಯಿಬಿಟ್ಟು ಕೇಳುವ ಕಷ್ಟ ತಪ್ಪಿಸಲು ಹುಡುಕಿದ ದಾರಿಗಳು. ಚೆನ್ನೈಯ ಬೋಗಿಯಲ್ಲಿ ದೀಪ ಹೊತ್ತುವುದಿಲ್ಲ, ನಾಲಿಗೆಯನ್ನೇ ನಂಬಬೇಕು.

ಕೇಳಿದರೆ ಕೊಡುತ್ತಾರಾ?

1970ರ ದಶಕದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಒಂದು ಪ್ರಯೋಗ ಮಾಡಿಸಿದರು. ಅವರ ವಿದ್ಯಾರ್ಥಿಗಳು ಕೂತವರ ಹತ್ತಿರ ಹೋಗಿ, ಯಾವ ಕಾರಣವನ್ನೂ ಕೊಡದೆ, "ನಿಮ್ಮ ಸೀಟು ಕೊಡುತ್ತೀರಾ?" ಅಂತ ಕೇಳಬೇಕಿತ್ತು. ನೂರರಲ್ಲಿ ಸುಮಾರು 68 ಜನ ಎದ್ದು ಕೊಟ್ಟರು ಅಥವಾ ಸರಿದು ಜಾಗ ಮಾಡಿದರು. ಒದ್ದಾಡಿದವರು ಕೇಳಲು ಹೋದವರೇ. ಬಾಯಿ ಒಣಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಮಿಲ್‌ಗ್ರಾಂ ತಾವೇ ಪ್ರಯತ್ನಿಸಿದಾಗಲೂ ಹಾಗೇ ಆಯಿತು.

ನ್ಯೂಯಾರ್ಕ್ ಬೇರೆ, ಚೆನ್ನೈ ಬೇರೆ, ನಿಜ. ಆದರೆ ನಮ್ಮ ಮನಸ್ಸಿನ ಭಯ ಎದುರಿನವರ ಕಲ್ಲುತನಕ್ಕಿಂತ ದೊಡ್ಡದಾಗಿರುತ್ತದೆ ಎಂಬುದು ಎಲ್ಲಿಗಾದರೂ ಹೊಂದುವ ಮಾತು. ಕಾರಣವಿಲ್ಲದೆ ಕೇಳಿದವರಿಗೇ ಸಿಕ್ಕಿತು. ನಿಮ್ಮ ಹತ್ತಿರ ಕಾರಣ ಇದೆ.

ಕೇಳುವ ರೀತಿ ಮಾತ್ರ ಗೊತ್ತಿರಬೇಕು. ಗಾಳಿಗೆ ಹೇಳಬೇಡಿ. "ಯಾರಾದರೂ ಸೀಟು ಕೊಡಿ" ಅಂದರೆ ಪ್ರತಿಯೊಬ್ಬರೂ ಪಕ್ಕದವರು ಏಳಲಿ ಅಂತ ಕಾಯುತ್ತಾರೆ. ಒಬ್ಬರನ್ನು ಆರಿಸಿ, ಮುಖ ನೋಡಿ, ವರಸೆ ಹಚ್ಚಿ ಕೇಳಿ. ತಮಿಳು ಬರದಿದ್ದರೆ ಇಷ್ಟು ಕಲಿತುಕೊಳ್ಳಿ: "ಅಕ್ಕಾ, ನಾನ್ ಮಾಸಮಾ ಇರುಕ್ಕೇನ್. ಕೊಂಜಂ ಉಕ್ಕಾರ ಇಡಂ ಕುಡುಂಗ." ನಾನು ಬಸುರಿ, ಸ್ವಲ್ಪ ಕೂರಲು ಜಾಗ ಕೊಡಿ ಅಂತ ಅರ್ಥ. ಗಂಡಸರಾದರೆ "ಅಣ್ಣಾ", ವಯಸ್ಸಾದವರಾದರೆ "ಅಮ್ಮಾ". ತಲೆ ಸುತ್ತುತ್ತಿದ್ದರೆ "ತಲೆ ಸುತ್ತುದು" ಅನ್ನಿ. ಅದಂತೂ ನಮ್ಮ ಮಾತೇ. ಇನ್ನೂ ಸಂಕೋಚವಾದರೆ ಪಕ್ಕದಲ್ಲಿರುವ ವಯಸ್ಸಾದ ಹೆಂಗಸಿನ ಕಿವಿಯಲ್ಲಿ ಹೇಳಿ. "ಪುಳ್ಳತ್ತಾಚ್ಚಿ ನಿಕ್ಕುರಾ ಪಾರು, ಎಂದಿರಿಮ್ಮಾ" ಅಂತ ಆಕೆ ಗದರಿದರೆ ಒಂದು ಸೀಟು ಖಾಲಿಯಾಗಿಯೇ ಆಗುತ್ತದೆ.

ಹಯಾದ ಮಾತು

"ಹೀಗೆಲ್ಲ ಬಾಯಿಬಿಟ್ಟು ಹೇಳುವುದು ಹಯಾ ಇರುವ ಹೆಣ್ಣಿನ ಲಕ್ಷಣವಾ?" ಅನ್ನುವವರಿದ್ದಾರೆ. ಹಯಾ ಅಂದರೆ ಲಜ್ಜೆ, ಮರ್ಯಾದೆ. ದೀನಿನಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಆದರೆ ಅದೇ ದೀನ್ ಬಸುರಿಯ ಕಷ್ಟವನ್ನು ಮುಚ್ಚಿಡುವುದಿಲ್ಲ. ತಾಯಿ ಎಷ್ಟು ನಿತ್ರಾಣಪಟ್ಟು ಮಗುವನ್ನು ಹೊರುತ್ತಾಳೆ ಎಂಬುದನ್ನು ಸೂರಃ ಲುಕ್ಮಾನ್ ಎಲ್ಲರೂ ಓದುವಂತೆ ಹೇಳುತ್ತದೆ. ಬಸುರಿಗೆ ರೋಜಾ ಭಾರವಾದರೆ ಆಮೇಲೆ ಇಡಲು ಸವಲತ್ತಿದೆ. ನಿಂತು ನಮಾಜ್ ಮಾಡಲು ಆಗದವರು ಕೂತು ಮಾಡಬಹುದು. ಯೋಚಿಸಿ: ಅಲ್ಲಾಹನ ಮುಂದೆ ಕೂರಲು ಅನುಮತಿ ಇರುವವಳು, ಮನುಷ್ಯರ ಮುಂದೆ ಕೂರಲು ಜಾಗ ಕೇಳಿದರೆ ಅದು ಬೇಹಯಾಯಿ ಹೇಗಾಗುತ್ತೆ? ನಾಚಿಕೆಗೆ ಸಿಕ್ಕಿ ಪ್ರಶ್ನೆ ಕೇಳುವುದನ್ನು ಬಿಡದ ಅನ್ಸಾರಿ ಹೆಂಗಸರನ್ನು ಹಜ್ರತ್ ಆಯಿಷಾ ಮೆಚ್ಚಿಕೊಂಡದ್ದನ್ನೂ ನೆನೆಯಿರಿ.

ಕೂತವರಿಗೂ ಮಾತಿದೆ. ಸೂರಃ ಮುಜಾದಲಾದ 11ನೇ ಆಯತ್ ಮಜ್ಲಿಸಿನಲ್ಲಿ ಜಾಗ ಮಾಡಿಕೊಡಿ ಅಂದಾಗ ಜಾಗ ಮಾಡಿಕೊಡುವುದನ್ನು, ಏಳಿ ಅಂದಾಗ ಏಳುವುದನ್ನು ಕಲಿಸುತ್ತದೆ. ರೈಲಿನ ಬೋಗಿ ಮಜ್ಲಿಸ್ ಅಲ್ಲದಿರಬಹುದು, ಅದಬ್ ಅದೇ.

ಚೆನ್ನೈ ಊರೇ ಇದಕ್ಕೊಂದು ಸಾಕ್ಷಿ ಇಟ್ಟುಕೊಂಡಿದೆ. ತಿರುವಲ್ಲಿಕೇಣಿಯ ಕಸ್ತೂರಬಾ ಗಾಂಧಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಯನ್ನು ಜನ ಇವತ್ತಿಗೂ ಗೋಷಾ ಆಸ್ಪತ್ರೆ ಅನ್ನುತ್ತಾರೆ. ಗೋಷಾ ಅಂದರೆ ಪರ್ದಾ. ಗಂಡಸು ಡಾಕ್ಟರರ ಮುಂದೆ ಬರಲಾರದ ಹೆಂಗಸರಿಗಾಗಿ 1885ರಲ್ಲಿ ಅದನ್ನು ಶುರುಮಾಡಿದವರು ಮೇರಿ ಶಾರ್ಲೀಬ್. 1875ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿಗೆ ಮೊದಲ ಸಲ ಸೇರಿದ ನಾಲ್ವರು ಹೆಂಗಸರಲ್ಲಿ ಅವರೂ ಒಬ್ಬರು. ಪರ್ದಾ ಇದೆ ಅಂತ ಹೆಂಗಸರು ಮನೆಯಲ್ಲೇ ನರಳಲಿ ಅಂತ ಬಿಡದೆ, ಪರ್ದಾಕ್ಕೆ ತಕ್ಕಂಥ ಆಸ್ಪತ್ರೆಯನ್ನೇ ಕಟ್ಟಿದರು.

ಚೆನ್ನೈಯಲ್ಲಿ ಹೇಗೆ ಹೋಗಬೇಕು?

ಬೀಚ್–ತಾಂಬರಂ ಮಾರ್ಗಕ್ಕೆ 1931ರಲ್ಲೇ ವಿದ್ಯುತ್ ರೈಲು ಬಂತು. ಈಗ ಚೆಂಗಲ್ಪಟ್ಟಿನ ತನಕ ಹೋಗುವ ಈ ದಾರಿಯಲ್ಲಿ ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ಐದರಿಂದ ಎಂಟು ವಿಪರೀತ ರಶ್. ಸೀಟು ಸಿಗಬೇಕಾದರೆ ರೈಲು ಹೊರಡುವ ಕಡೆಯೇ ಹತ್ತಬೇಕು. ಚೆಂಗಲ್ಪಟ್ಟಿನಿಂದ ಬರುವ ಗಾಡಿ ತಾಂಬರಂ ಮುಟ್ಟುವಾಗಲೇ ತುಂಬಿರುತ್ತದೆ. ತಾಂಬರಂನಲ್ಲೇ ಶುರುವಾಗುವ ಗಾಡಿ ಯಾವುದು ಅಂತ ಕೇಳಿ ಅದಕ್ಕೆ ಕಾಯಿರಿ. ಕ್ರೋಂಪೇಟೆಯಲ್ಲಿ ಮನೆಯಿದ್ದರೆ ಎರಡು ಸ್ಟೇಷನ್ ಹಿಂದಕ್ಕೆ ಹೋಗಿ ತಾಂಬರಂನಲ್ಲಿ ಹತ್ತಬಹುದು. ಟಿಕೆಟ್ ಅಥವಾ ಪಾಸ್ ತಾಂಬರಂನಿಂದಲೇ ಇರಬೇಕು, ಅಷ್ಟೆ.

ಹೆಂಗಸರ ಬೋಗಿ ಪ್ಲಾಟ್‌ಫಾರ್ಮಿನ ಯಾವ ಜಾಗದಲ್ಲಿ ನಿಲ್ಲುತ್ತೆ ಅಂತ ಒಂದೆರಡು ದಿನ ನೋಡಿಟ್ಟುಕೊಳ್ಳಿ. ದಿನಾ ಒಂದೇ ಗಾಡಿ, ಒಂದೇ ಬೋಗಿ ಹಿಡಿದರೆ ಮುಖಪರಿಚಯವಾಗುತ್ತದೆ. ಒಮ್ಮೆ ಹೇಳಿದರೆ ಸಾಕು, ಮರುದಿನದಿಂದ ಅವರೇ ಜಾಗ ಹಿಡಿದಿಡುತ್ತಾರೆ. ಮೈ ತುಂಬಿದ ಗಾಡಿ ಬಂದರೆ ಬಿಟ್ಟುಬಿಡಿ. ಓಡಿ ಹತ್ತಬೇಡಿ, ಬಾಗಿಲಲ್ಲಿ ನಿಲ್ಲಬೇಡಿ. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ನೀರು ಜೊತೆಗಿರಲಿ. ಕಣ್ಣು ಕತ್ತಲೆ ಬಂದರೆ ಸೀಟಿಗೆ ಕಾಯದೆ ನೆಲದ ಮೇಲೇ ಕೂತುಬಿಡಿ, ಬಟ್ಟೆಗೆ ಮಣ್ಣಾದರೆ ಒಗೆಯಬಹುದು. ರಕ್ತಸ್ರಾವ, ಹೊಟ್ಟೆನೋವು, ನೀರು ಹೋಗುವುದು ಕಂಡರೆ ಮುಂದಿನ ಸ್ಟೇಷನ್ನಿನಲ್ಲಿ ಇಳಿದು 108ಕ್ಕೆ ಫೋನ್ ಮಾಡಿಸಿ.

2015ರಲ್ಲಿ ಶುರುವಾದ ಮೆಟ್ರೋದಲ್ಲಿ ದರ ಹೆಚ್ಚು, ಆದರೆ ಲಿಫ್ಟ್ ಇದೆ, ಹೆಂಗಸರಿಗೆ ಬೇರೆ ಜಾಗವಿದೆ. ಕೊನೆಯ ಎರಡು ಮೂರು ತಿಂಗಳಾದರೂ ಆ ಖರ್ಚಿಗೆ ಮನೆಯವರು ಹಿಂದೆಮುಂದೆ ನೋಡಬಾರದು. 1844ರಲ್ಲಿ ಶುರುವಾದ ಎಗ್ಮೋರ್ ಸರಕಾರಿ ಹೆರಿಗೆ ಆಸ್ಪತ್ರೆಗೆ ಲೋಕಲ್ಲೂ ಇದೆ, ಮೆಟ್ರೋವೂ ಇದೆ. ಗೋಷಾ ಆಸ್ಪತ್ರೆಗೆ ವೇಲಚೇರಿ ಮಾರ್ಗದ ಚೇಪಾಕ್ ಸ್ಟೇಷನ್ ಹತ್ತಿರ. ಆ ಮಾರ್ಗದ ಸ್ಟೇಷನ್ನುಗಳು ಎತ್ತರದಲ್ಲಿವೆ, ಮೆಟ್ಟಿಲು ಹತ್ತುವಾಗ ನಿಧಾನ.

ಕಾಯ್ದೆ ಏನು ಹೇಳುತ್ತೆ?

1989ರ ರೈಲ್ವೆ ಕಾಯ್ದೆಯ 58ನೇ ಕಲಮಿನ ಪ್ರಕಾರ ಪ್ರಯಾಣಿಕರ ಪ್ರತಿ ರೈಲಿನಲ್ಲೂ ಹೆಂಗಸರಿಗೆ ಒಂದು ವಿಭಾಗ ಅಥವಾ ಇಷ್ಟು ಸೀಟು ಅಂತ ಮೀಸಲಿಡಬೇಕು. ಅಲ್ಲಿಗೆ ಗಂಡಸರು ನುಗ್ಗಿದರೆ 162ನೇ ಕಲಮಿನಂತೆ 500 ರೂಪಾಯಿ ತನಕ ದಂಡ ಹಾಕಬಹುದು, ಇಳಿಸಲೂಬಹುದು. 12 ವರ್ಷದೊಳಗಿನ ಗಂಡುಮಕ್ಕಳು ತಾಯಿಯ ಜೊತೆ ಬರಬಹುದು. ತೊಂದರೆಯಾದರೆ 139ಕ್ಕೆ ಫೋನ್ ಮಾಡಿ.

ಹೆರಿಗೆಗೆಂದು ಮೈಕೆಗೆ, ಅಂದರೆ ತವರಿಗೆ, ಬರುವಾಗ ಬೃಂದಾವನ್, ಲಾಲ್‌ಬಾಗ್‌ನಂಥ ಹಗಲು ಗಾಡಿಗಳಲ್ಲಿ ಮುಂಚೆಯೇ ಸೀಟು ಕಾದಿರಿಸಿ. 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ. ಬೆಂಗಳೂರು ಮೇಲ್, ಕಾವೇರಿಯಂಥ ರಾತ್ರಿ ಗಾಡಿಯಾದರೆ ಕೆಳಗಿನ ಬರ್ತ್ ಬೇಕೇಬೇಕು. ಹಿರಿಯರು, 45 ದಾಟಿದ ಹೆಂಗಸರು ಮತ್ತು ಬಸುರಿಯರಿಗಾಗಿ ಸ್ಲೀಪರ್ ಬೋಗಿಯೊಂದರಲ್ಲಿ ಆರೇಳು, ತ್ರೀ ಎಸಿಯಲ್ಲಿ ನಾಲ್ಕೈದು ಕೆಳಬರ್ತ್‌ಗಳ ಕೋಟಾ ಇದೆ. ಡಾಕ್ಟರ್ ಸರ್ಟಿಫಿಕೇಟ್ ಹಿಡಿದು ರಿಸರ್ವೇಷನ್ ಕೌಂಟರಿಗೆ ಹೋಗಿ ಕೇಳಿ. ಒಂದು ಟಿಕೆಟ್ಟಿನಲ್ಲಿ ಒಬ್ಬರು ಅಥವಾ ಇಬ್ಬರು ಇದ್ದರೆ ಮಾತ್ರ ಈ ಕೋಟಾ. ಮನೆಮಂದಿಯನ್ನೆಲ್ಲ ಒಂದೇ ಟಿಕೆಟ್ಟಿಗೆ ಸೇರಿಸಿದರೆ ಅದು ಸಿಗುವುದಿಲ್ಲ, ಬಸುರಿಯ ಟಿಕೆಟ್ ಬೇರೆ ಮಾಡಿಸಿ. ಮೇಲಿನ ಬರ್ತ್ ಬಂದುಬಿಟ್ಟರೆ ಟಿಟಿಇಗೆ ಹೇಳಿ, ದಾರಿಯಲ್ಲಿ ಖಾಲಿಯಾಗುವ ಕೆಳಬರ್ತನ್ನು ಬಸುರಿಗೆ ಕೊಡಲು ಅವಕಾಶವಿದೆ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಕೈಚೀಲದಲ್ಲೇ ಇರಲಿ.

ಲೋಕಲ್ ಗಾಡಿಯಲ್ಲಿ ಮಾತ್ರ, ಮೀಸಲು ಬೋಗಿಯೊಳಗೆ ಯಾರು ಕೂರಬೇಕು ಯಾರು ನಿಲ್ಲಬೇಕು ಎಂಬುದನ್ನು ಕಾಯ್ದೆ ಬರೆದಿಲ್ಲ. ಅದನ್ನು ನಾವೇ ತೀರ್ಮಾನಿಸಬೇಕು. ಗಂಡಂದಿರೇ, ಜೊತೆಯಲ್ಲಿದ್ದಾಗ ಕೇಳುವ ಕೆಲಸ ನಿಮ್ಮದು, ಅವಳಿಂದ ಕೇಳಿಸಬೇಡಿ. ವಿದ್ಯಾರ್ಥಿಗಳೇ, ಅನುಮಾನ ಬಂದರೆ "ನೀವು ಬಸುರಿಯಾ?" ಅಂತ ಕೇಳಬೇಕಾಗಿಲ್ಲ. "ಕೂತ್ಕೊಳ್ಳಿ, ನಾನು ಇಳೀತೀನಿ" ಅಂತ ಎದ್ದು ಬಾಗಿಲ ಕಡೆ ಸರಿದುಬಿಡಿ. ನಿಮ್ಮ ಸ್ಟೇಷನ್ ಇನ್ನೂ ನಾಲ್ಕು ಆಚೆ ಇದ್ದರೂ ಪರವಾಗಿಲ್ಲ.