ಗಣಕಯಂತ್ರದ ವ್ಯವಸ್ಥಾಪರಿವರ್ತನೆ: ಒಂದು ವಿಚಾರ

ಮೀಮಾಂಸಕರು ಒಂದು ಅಧಿಕರಣವನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಿಂದ ನಿರೂಪಿಸುವರು. ವೇದಾರ್ಥನಿರ್ಣಯಕ್ಕಾಗಿ ಹುಟ್ಟಿದ ಈ ಕ್ರಮವು ಲೌಕಿಕ ಸಂದೇಹಗಳಿಗೂ ಒದಗತಕ್ಕದ್ದೇ ಆಗಿದೆ. ಈಚೆಗೆ ವಿದ್ವಾಂಸರ ಮನೆಗಳಲ್ಲಿಯೂ ಕಾಲೇಜುಗಳ ಭಾಷಾವಿಭಾಗಗಳಲ್ಲಿಯೂ ಪದೇಪದೇ ಏಳುವ ಪ್ರಶ್ನೆಯೊಂದುಂಟು: ಬಹುಕಾಲದಿಂದ ಬಳಕೆಯಲ್ಲಿರುವ ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಆಪರೇಟಿಂಗ್ ಸಿಸ್ಟಮನ್ನು, ಹೊಸದಕ್ಕೆ ಬದಲಿಸಬೇಕೆ, ಇದ್ದಂತೆಯೇ ಇರಿಸಿಕೊಳ್ಳಬೇಕೆ? ಇದನ್ನು ಯಂತ್ರಜ್ಞರಿಗೆ ಒಪ್ಪಿಸಿ ಸುಮ್ಮನಾಗುವಂತಿಲ್ಲ. ಇಪ್ಪತ್ತು, ಇಪ್ಪತ್ತೈದು ವರ್ಷಗಳ ಪರಿಶ್ರಮದಿಂದ ಸಂಗ್ರಹಿಸಿದ ಪಾಠಾಂತರಗಳು, ಪದಸೂಚಿಗಳು, ಶಾಸನಗಳ ಪ್ರತಿಗಳು ಆ ಯಂತ್ರಗಳೊಳಗೇ ಇರುವುದರಿಂದ, ತಪ್ಪು ನಿರ್ಣಯದ ನಷ್ಟವು ವಿದ್ವತ್ತಿನ ನಷ್ಟವೇ ಆಗುವುದು.

ವಿಷಯ

ಗಣಕದಲ್ಲಿ ಮೂರನ್ನು ವಿವೇಚಿಸಿ ತಿಳಿಯಬೇಕು. ಕಣ್ಣಿಗೆ ಕಾಣುವ ಯಂತ್ರಭಾಗವು ಒಂದು. ಬರೆಯುವ, ಲೆಕ್ಕವಿಡುವ, ಮುದ್ರಿಸುವ ತಂತ್ರಾಂಶಗಳು ಮತ್ತೊಂದು. ಇವೆರಡರ ನಡುವೆ ನಿಂತು ಯಾವ ತಂತ್ರಾಂಶಕ್ಕೆ ಯಾವಾಗ ಯಂತ್ರದ ಯಾವ ಭಾಗವು ದೊರೆಯಬೇಕೆಂದು ನಿಯಮಿಸುವ ವ್ಯವಸ್ಥೆಯು ಮೂರನೆಯದು. ವ್ಯಾಕರಣಶಾಸ್ತ್ರದಲ್ಲಿ ಪರಿಭಾಷಾಸೂತ್ರಗಳು ತಾವಾಗಿ ಯಾವ ರೂಪವನ್ನೂ ಸಾಧಿಸದೆ ಇತರ ಸೂತ್ರಗಳ ಪ್ರವೃತ್ತಿಯನ್ನು ನಿಯಮಿಸುವಂತೆ, ಈ ವ್ಯವಸ್ಥೆಯೂ ತಾನು ಬರೆಯದೆ ಬರೆಸುತ್ತದೆ. ಪರಿಭಾಷೆ ಬದಲಾದರೆ ಸಿದ್ಧರೂಪಗಳೆಲ್ಲ ಪುನಃ ಪರೀಕ್ಷಾರ್ಹವಾಗುವುವು, ಇಲ್ಲಿಯೂ ಹಾಗೆಯೇ.

ಪ್ರಕೃತದಲ್ಲಿ ಉದಾಹರಣೆಯಾಗಿ ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್ 10 ಎಂಬುದನ್ನು ಎತ್ತಿಕೊಳ್ಳಬಹುದು. ಇದು 2015ರ ಜುಲೈ 29ರಂದು ಪ್ರಕಟವಾಯಿತು. ಇದರ ಉತ್ತರಾಧಿಕಾರಿಯಾದ ವಿಂಡೋಸ್ 11, 2021ರ ಅಕ್ಟೋಬರ್ 5ರಂದು ಹೊರಬಂದಿತು. ಹಳೆಯದಕ್ಕೆ ಕಂಪೆನಿಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಆ ಬಳಿಕವೂ ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ಪಡೆಯಲು ಪ್ರತ್ಯೇಕ ಯೋಜನೆಯೊಂದನ್ನು ಘೋಷಿಸಲಾಯಿತು. ಗೃಹಬಳಕೆದಾರರಿಗೆ ಅದರ ಅವಧಿಯನ್ನು 2026ರ ಅಕ್ಟೋಬರ್ 13ರವರೆಗೆಂದು ಪ್ರಕಟಿಸಿದರು.

ಪೂರ್ವಪಕ್ಷ

ಇರುವುದನ್ನೇ ಇರಿಸಿಕೊಳ್ಳಬೇಕೆಂಬವರ ವಾದವು ಹೀಗಿದೆ. ಬೆಂಬಲ ಮುಗಿದ ದಿನವೇ ಯಂತ್ರವು ನಿಲ್ಲುವುದಿಲ್ಲ. ಹಿಂದಿನ ದಿನ ತೆರೆದ ಕಡತವು ಮರುದಿನವೂ ತೆರೆಯುತ್ತದೆ. ಹೊಸ ವ್ಯವಸ್ಥೆಗೆ ಅರುವತ್ತನಾಲ್ಕು ಬಿಟ್ಟಿನ ಪ್ರೊಸೆಸರ್, ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹಸ್ಥಾನ, ಟಿ.ಪಿ.ಎಂ. 2.0 ಎಂಬ ರಕ್ಷಣಾಂಗ ಇವೆಲ್ಲ ಬೇಕು. ಇಂಟೆಲ್ ಕಂಪೆನಿಯ ಎಂಟನೆಯ ತಲೆಮಾರಿಗಿಂತ ಹಿಂದಿನ ಪ್ರೊಸೆಸರುಗಳು, ಕೆಲವು ಅಪವಾದಗಳನ್ನು ಬಿಟ್ಟರೆ, ಅಂಗೀಕೃತವಾದ ಪಟ್ಟಿಯಲ್ಲಿಲ್ಲ. ಸುಸ್ಥಿತಿಯಲ್ಲಿರುವ ಯಂತ್ರವನ್ನು ಪಟ್ಟಿಯಲ್ಲಿಲ್ಲವೆಂಬ ಕಾರಣದಿಂದಲೇ ತ್ಯಜಿಸುವುದು ನ್ಯಾಯವೆ? ಅಲ್ಲದೆ ಹಳೆಯ ಕನ್ನಡ ತಂತ್ರಾಂಶಗಳು ಹೊಸದರಲ್ಲಿ ನಡೆಯದೆ ಹೋದರೆ ಗತಿಯೇನು?

ಈ ವಾದವು ದುರ್ಬಲವಾದುದಲ್ಲ. ಇದರ ಎದುರಿಗೆ, ಹೊಸದು ಬಂದೊಡನೆಯೇ ಹಿಡಿಯಬೇಕೆಂಬ ಇನ್ನೊಂದು ಪಕ್ಷವುಂಟು. ಆದರೆ ನೂತನತ್ವವೊಂದೇ ಗ್ರಾಹ್ಯತೆಗೆ ಹೇತುವಾಗಲಾರದು. ಪುರಾತನತ್ವವೊಂದೇ ಹೇಗೆ ಹೇತುವಲ್ಲವೋ ಹಾಗೆಯೇ. ಆದುದರಿಂದ ಎರಡು ಪಕ್ಷಗಳಲ್ಲಿಯೂ ಪ್ರಯೋಜನವನ್ನು ನೋಡಿಯೇ ನಿರ್ಣಯಿಸಬೇಕು.

ಸಿದ್ಧಾಂತ

ಮೊದಲು ಬೆಂಬಲವೆಂದರೇನೆಂಬುದನ್ನು ತಿಳಿಯತಕ್ಕದ್ದು. ಕೋಟ್ಯಂತರ ಸಾಲುಗಳ ಆಜ್ಞಾವಳಿಯಲ್ಲಿ ಕರ್ತೃಗಳಿಗೇ ತಿಳಿಯದ ಲೋಪಗಳಿರುವುವು. ಅವು ಗೋಚರವಾದಂತೆಲ್ಲ ಕಂಪೆನಿಯು ತಿದ್ದುಪಡಿಯನ್ನು ಕಳುಹಿಸುತ್ತದೆ. ಬೆಂಬಲ ಮುಗಿದ ಮೇಲೆ ಲೋಪಗಳು ಪತ್ತೆಯಾಗುವುದು ನಿಲ್ಲುವುದಿಲ್ಲ, ತಿದ್ದುಪಡಿ ಬರುವುದು ಮಾತ್ರ ನಿಲ್ಲುತ್ತದೆ. 2017ರ ಮೇ 12ರಂದು ಹಬ್ಬಿದ ವಾನ್ನಕ್ರೈ ಎಂಬ ಉಪದ್ರವವು ಇದಕ್ಕೆ ನಿದರ್ಶನ. ಅದು ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಹಣವನ್ನು ಕೇಳುತ್ತಿತ್ತು. ಅದು ನುಗ್ಗಿದ ಲೋಪಕ್ಕೆ ಎರಡು ತಿಂಗಳ ಹಿಂದೆ, ಮಾರ್ಚ್ 14ರಂದೇ, ತಿದ್ದುಪಡಿಯು ಪ್ರಕಟವಾಗಿತ್ತು. ಬಾಧಿತವಾದವುಗಳಲ್ಲಿ ಬಹುಭಾಗವು ಬೆಂಬಲವಿದ್ದರೂ ತಿದ್ದುಪಡಿಯನ್ನು ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳು. ಇದರಿಂದ ಎರಡು ಅಂಶಗಳು ಸಿದ್ಧವಾಗುತ್ತವೆ: ತಿದ್ದುಪಡಿಯಿಲ್ಲದ ಯಂತ್ರವನ್ನು ಅಂತರ್ಜಾಲಕ್ಕೆ ಸೇರಿಸಿಡುವುದು ಅಪಾಯಕರ, ಬೆಂಬಲವುಳ್ಳ ವ್ಯವಸ್ಥೆಯನ್ನು ಹಾಕಿಕೊಂಡ ಮಾತ್ರಕ್ಕೆ ಅಪಾಯವು ತೀರುವುದೂ ಇಲ್ಲ.

ಆದುದರಿಂದ ಅಂತರ್ಜಾಲದ ಸಂಬಂಧವುಳ್ಳ ಯಂತ್ರಕ್ಕೆ ಬೆಂಬಲವುಳ್ಳ ವ್ಯವಸ್ಥೆಯೇ ವಿಧಿ. ಯಂತ್ರವು ವಿಂಡೋಸ್ 11ನ್ನು ತಾಳುವುದೋ ಎಂಬುದನ್ನು ಕಂಪೆನಿಯೇ ಕೊಡುವ ಪರೀಕ್ಷಾತಂತ್ರಾಂಶದಿಂದ ತಿಳಿಯಬಹುದು. ಟಿ.ಪಿ.ಎಂ. ಇಲ್ಲವೆಂಬ ಉತ್ತರ ಬಂದಲ್ಲಿ, ಅನೇಕ ಯಂತ್ರಗಳಲ್ಲಿ ಅದು ಇದ್ದೂ ನಿಷ್ಕ್ರಿಯವಾಗಿರುವುದುಂಟಾದುದರಿಂದ, ಆರಂಭವಿನ್ಯಾಸವನ್ನು ತಿಳಿದವರಿಂದ ನೋಡಿಸಬೇಕು. ತಾಳದ ಯಂತ್ರಕ್ಕೆ ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳು ಉಚಿತವಾಗಿಯೇ ದೊರೆಯುತ್ತವೆ. ಅಂತರ್ಜಾಲದಿಂದ ಪೂರ್ಣವಾಗಿ ಬೇರ್ಪಡಿಸಿ, ಹಳೆಯ ತಂತ್ರಾಂಶವೊಂದಕ್ಕಾಗಿಯೇ ಮೀಸಲಿಟ್ಟ ಯಂತ್ರಕ್ಕೆ ಮಾತ್ರ ಪೂರ್ವಪಕ್ಷಿಯ ಮಾತು ಅನ್ವಯಿಸೀತು. ಅಲ್ಲಿಯೂ ಹೊರಗಿನಿಂದ ತಂದು ಸೇರಿಸುವ ಸಂಗ್ರಹಸಾಧನಗಳ ಮೂಲಕ ಸೋಂಕು ಬರಬಹುದೆಂಬುದನ್ನು ಮರೆಯಲಾಗದು.

ಕನ್ನಡ ಬರವಣಿಗೆಯ ವಿಶೇಷ

ಕನ್ನಡ ವಿದ್ವಾಂಸರಿಗೆ ಇಲ್ಲಿ ಒಂದು ವಿಶೇಷ ವಿಚಾರವುಂಟು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಾದಿಗಳ ಸ್ಥಾನಗಳಲ್ಲಿ ಇರಿಸಿದ್ದರು. ಆ ಫಾಂಟು ಇರುವವರೆಗೆ ಮಾತ್ರ ಬರಹವು ಕನ್ನಡವಾಗಿ ಕಾಣುತ್ತದೆ. ಇಲ್ಲದಿದ್ದಲ್ಲಿ ಅರ್ಥಹೀನವಾದ ರೋಮನ್ ಚಿಹ್ನೆಗಳ ರಾಶಿಯಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, 1991ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿರುವ ಯೂನಿಕೋಡ್ ಕ್ರಮದಲ್ಲಿ ಪ್ರತಿ ವರ್ಣಕ್ಕೂ ತನ್ನದೇ ಆದ ಸಂಖ್ಯೆಯುಂಟು. ವ್ಯವಸ್ಥೆ ಬದಲಾದರೂ ಆ ಸಂಖ್ಯೆ ಬದಲಾಗದು.

ಇವೆರಡರ ಭೇದವು ಅರ್ಕಾವೊತ್ತಿನಲ್ಲಿ ಸ್ಫುಟವಾಗಿ ತೋರುತ್ತದೆ. ‘ಅರ್ಕ’ ಎಂಬಲ್ಲಿ ಉಚ್ಚಾರಣೆಯಲ್ಲಿ ರೇಫವು ಮೊದಲು, ಕಕಾರವು ಅನಂತರ. ಲಿಪಿಯಲ್ಲಾದರೋ ರೇಫದ ಚಿಹ್ನೆಯು ಕಕಾರದ ಬಲಕ್ಕೆ ಬರುತ್ತದೆ. ಹಳೆಯ ಫಾಂಟುಗಳ ಬರಹವು ಕಣ್ಣಿನ ಕ್ರಮವನ್ನು ಅನುಸರಿಸುತ್ತದೆ. ಯೂನಿಕೋಡ್ ಕಿವಿಯ ಕ್ರಮವನ್ನು ಅನುಸರಿಸುತ್ತದೆ. ಪದಗಳನ್ನು ಹುಡುಕುವುದೂ ಅಕಾರಾದಿಯಾಗಿ ಜೋಡಿಸುವುದೂ ಎರಡನೆಯದರಲ್ಲಿಯೇ ಸರಿಯಾಗಿ ಸಾಧ್ಯ. ಆದರೆ ಒಂದರಿಂದ ಇನ್ನೊಂದಕ್ಕೆ ತಿರುಗಿಸುವಾಗ ಇಂತಹ ಎಡೆಗಳಲ್ಲಿಯೇ ದೋಷಗಳು ನುಸುಳುವುದು.

ಹಳಗನ್ನಡದ ಱ, ೞಗಳ ವಿಷಯದಲ್ಲಿ ಇನ್ನಷ್ಟು ಎಚ್ಚರವು ಅಗತ್ಯ. ತಿಳಿಯುವುದೆಂಬ ಅರ್ಥದ ‘ಅಱಿ’ಯು ಕತ್ತರಿಸುವುದೆಂಬ ಅರ್ಥದ ‘ಅರಿ’ಯಾಗಿ ಮಾರ್ಪಟ್ಟರೆ ಅರ್ಥವೂ ಕೆಡುವುದು, ಪ್ರಾಸವೂ ಕೆಡಬಹುದು. ಯೂನಿಕೋಡಿನಲ್ಲಿ ಈ ಎರಡಕ್ಕೂ ಸ್ಥಾನವುಂಟು. ೞಕಾರಕ್ಕೆ ಅಲ್ಲಿ ಪ್ರಮಾದದಿಂದ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಆ ಹೆಸರು ಹಾಗೆಯೇ ಉಳಿದು, ತಪ್ಪೆಂಬ ಟಿಪ್ಪಣಿಯನ್ನು ಮಾತ್ರ ಪಡೆದಿದೆ. ಹೆಸರು ತಪ್ಪಾದರೂ ಸ್ಥಾನವು ಸ್ಥಿರವಾದುದರಿಂದ ಬರಹಕ್ಕೆ ಹಾನಿಯಿಲ್ಲ.

ಯೂನಿಕೋಡಿನಲ್ಲಿಯೇ ಬರೆದವರಿಗೂ ಒಂದು ಸೂಕ್ಷ್ಮವುಂಟು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ತುಂಗಾ ಎಂಬ ಫಾಂಟು ಈಚಿನ ಆವೃತ್ತಿಗಳಲ್ಲಿ ಐಚ್ಛಿಕ. ಅದರ ಕೆಲಸವನ್ನು ನಿರ್ಮಲಾ ಎಂಬುದು ಮಾಡುತ್ತದೆ. ತುಂಗಾದಲ್ಲಿ ವಿನ್ಯಾಸಗೊಳಿಸಿದ ಗ್ರಂಥವನ್ನು ಅದಿಲ್ಲದೆ ತೆರೆದರೆ ಅಕ್ಷರಗಳು ಉಳಿದರೂ ಪಂಕ್ತಿಗಳೂ ಪುಟಗಳೂ ಸರಿದು, ಪದಸೂಚಿಯ ಪುಟಸಂಖ್ಯೆಗಳು ತಪ್ಪಾಗಬಹುದು.

ಸಂಗತಿ

ಇಷ್ಟರಿಂದ ಅನುಷ್ಠಾನಕ್ರಮವು ಹೀಗೆ ಸಿದ್ಧವಾಗುತ್ತದೆ. ಮೊದಲನೆಯದಾಗಿ, ಎಲ್ಲ ಕಡತಗಳನ್ನೂ ಹಳೆಯ ಫಾಂಟುಗಳ ಸಮೇತ ಎರಡು ಪ್ರತ್ಯೇಕ ಸಾಧನಗಳಿಗೆ ಪ್ರತಿಮಾಡಿ, ಪ್ರತಿಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಪ್ರತಿಯು ಪ್ರತಿಯೆನಿಸದು. ಎರಡನೆಯದಾಗಿ, ಹಳೆಯ ವ್ಯವಸ್ಥೆಯಿರುವಾಗಲೇ ಮುಖ್ಯವಾದ ಬರಹಗಳನ್ನು ಯೂನಿಕೋಡಿಗೆ ತಿರುಗಿಸಿ, ಮೂಲದೊಡನೆ ಓದಿ ತಿದ್ದಬೇಕು. ಪುಟವಿನ್ಯಾಸವು ಉಳಿಯಬೇಕಾದವನ್ನು ಪಿಡಿಎಫ್ ರೂಪದಲ್ಲಿಯೂ ತೆಗೆದಿಡಬೇಕು. ಮೂರನೆಯದಾಗಿ, ತಂತ್ರಾಂಶಗಳೂ ಮುದ್ರಣಯಂತ್ರವೂ ಹೊಸ ವ್ಯವಸ್ಥೆಯಲ್ಲಿ ನಡೆಯುವುವೇ ಎಂದು ವಿಚಾರಿಸಬೇಕು. ಇವು ಮುಗಿದ ಮೇಲೆಯೇ ಪರಿವರ್ತನೆ. ವಿಂಡೋಸ್ 10ರಿಂದ 11ಕ್ಕೆ ಹೋದವರಿಗೆ ಹಿಂದಿರುಗಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದಾದುದರಿಂದ, ಎಲ್ಲ ಪರೀಕ್ಷೆಗಳನ್ನೂ ಆ ಅವಧಿಯೊಳಗೇ ಮುಗಿಸತಕ್ಕದ್ದು.

ಓಲೆಗರಿಗಳು ಶಿಥಿಲವಾದಾಗ ಹಿಂದಿನ ಲಿಪಿಕಾರರು ಹೊಸ ಗರಿಗಳಿಗೆ ಗ್ರಂಥವನ್ನು ಇಳಿಸುತ್ತಿದ್ದರು. ಇಳಿಸದೆ ಬಿಟ್ಟವು ಎಷ್ಟೋ ಹುಳು ತಿಂದು ಹೋದುವು; ಅವಸರದಲ್ಲಿ ಇಳಿಸಿದವುಗಳ ಅಪಪಾಠಗಳನ್ನು ಸಂಪಾದಕರು ಇಂದಿಗೂ ತಿದ್ದುತ್ತಿದ್ದಾರೆ. ಗಣಕದ ಬರಹಕ್ಕೂ ಈ ಎರಡು ಅಪಾಯಗಳೇ ಇರುವುವು. ವ್ಯವಸ್ಥೆಯನ್ನು ಬದಲಿಸುವ ದಿನವನ್ನು ಕಂಪೆನಿಯ ಪ್ರಕಟಣೆಯು ನಿಶ್ಚಯಿಸಬಹುದು. ಅದಕ್ಕೆ ಮುಂಚೆ ಪ್ರತಿಮಾಡಿ ಓದಿ ನೋಡುವ ಕಾರ್ಯವು ಗ್ರಂಥದ ಒಡೆಯನದೇ ಆಗಿದೆ.