ಎಂಜಿನ್ ಬಿಚ್ಚುವ ಮುನ್ನ ಒತ್ತಡ ಅಳೆಯಿಸಿರಿ



ಪಂಚಾಯಿತಿ ವಾಹನಗಳ ದುರಸ್ತಿ ಅಂದಾಜುಗಳು ಸಭೆಯ ಮುಂದೆ ಬಂದಾಗ, ಅವುಗಳಲ್ಲಿ ‘ಎಂಜಿನ್ ಕೆಲಸ’ ಎಂಬ ಎರಡೇ ಪದಗಳ ಸಾಲೊಂದನ್ನು ತಾವು ಕಂಡಿರಬಹುದು. ಮೊತ್ತ ದೊಡ್ಡದಿರುತ್ತದೆ, ವಿವರ ಇರುವುದಿಲ್ಲ. ಸ್ವಚ್ಛ ವಾಹಿನಿ ನಿಂತರೆ ಎರಡು ಮೂರು ದಿನಗಳಲ್ಲೇ ಕಸ ಬೀದಿಗೆ ಬೀಳುವುದರಿಂದ ಅನುಮೋದನೆಯೂ ಅವಸರದಲ್ಲೇ ದೊರೆಯುತ್ತದೆ. ಎಂಜಿನ್ ಬಿಚ್ಚದೆ, ಕಡಿಮೆ ಖರ್ಚಿನಲ್ಲಿ, ದೋಷ ಎಲ್ಲಿದೆ ಎಂದು ತಿಳಿಸುವ ಪರೀಕ್ಷೆಯೊಂದಿದೆ. ಅದನ್ನು ಇಲ್ಲಿ ವಿವರಿಸಲಾಗಿದೆ.

ಈ ಪರೀಕ್ಷೆಯ ಬೆಲೆ ನನಗೆ ಅರಿವಾದದ್ದು ಸ್ವಂತ ಕಾರಿನಿಂದ. ಜೆ.ಪಿ. ನಗರದ ನಿವಾಸಿಯಾದ ನಾನು ಕನಕಪುರ ರಸ್ತೆಯ ಮೂಲಕ ಕರ್ತವ್ಯಕ್ಕೆ ತೆರಳುತ್ತೇನೆ. ನಾಲ್ಕು ಸಿಲಿಂಡರಿನ ನನ್ನ ಹಳೆಯ ಪೆಟ್ರೋಲ್ ಕಾರು ಬನಶಂಕರಿಯ ಸಿಗ್ನಲ್‌ಗಳಲ್ಲಿ ನಿಂತಾಗ ನಡುಗತೊಡಗಿತು. ಏರು ಹತ್ತುವಾಗ ಎಳೆತ ಕುಗ್ಗಿತು. ಮೊದಲು ತೋರಿಸಿದ ಗ್ಯಾರೇಜಿನವರು ಶಬ್ದ ಕೇಳಿಯೇ ‘ಎಂಜಿನ್ ಬೋರಿಗೆ ಬಂದಿದೆ, ಇಳಿಸಬೇಕು’ ಎಂದರು. ಎಂಜಿನಿಯರಿಂಗ್ ಪದವೀಧರನಾಗಿಯೂ ನಾನು ಒಪ್ಪುವ ಹಂತದಲ್ಲಿದ್ದೆ. ಬಿ.ಟಿ.ಎಂ. ಬಡಾವಣೆಯ ಹಿರಿಯ ಮೆಕ್ಯಾನಿಕ್ ಒಬ್ಬರು ‘ಮೊದಲು ಅಳೆಯೋಣ ಸಾರ್’ ಎಂದು ತಡೆದರು.

ಒತ್ತಡ ಎಂದರೇನು?

ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರುವಾಗ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಅದುಮುತ್ತದೆ. ಮೆಕ್ಯಾನಿಕ್‌ಗಳು ಇದನ್ನು ಕಂಪ್ರೆಷನ್ ಎನ್ನುತ್ತಾರೆ. ಸೈಕಲ್ ಪಂಪಿನ ವಾಷರ್ ಸವೆದರೆ ಎಷ್ಟು ಒತ್ತಿದರೂ ಗಾಳಿ ಏರದಂತೆ, ಸಿಲಿಂಡರಿನಲ್ಲಿ ಸೋರಿಕೆಯಿದ್ದರೆ ಶಕ್ತಿ ಹುಟ್ಟುವುದಿಲ್ಲ. ಸೋರಿಕೆಗೆ ಮುಖ್ಯವಾಗಿ ಮೂರು ದಾರಿಗಳಿವೆ: ಸವೆದ ಪಿಸ್ಟನ್ ರಿಂಗ್ ಅಥವಾ ಸಿಲಿಂಡರಿನ ಗೋಡೆ, ಸರಿಯಾಗಿ ಕೂರದ ವಾಲ್ವ್, ಸುಟ್ಟ ಹೆಡ್ ಗ್ಯಾಸ್ಕೆಟ್. ಮೊದಲನೆಯದಕ್ಕೆ ಮಾತ್ರ ಎಂಜಿನ್ ಪೂರ್ತಿ ಬಿಚ್ಚುವ ಅಗತ್ಯ ಬರಬಹುದು. ಉಳಿದೆರಡಕ್ಕೆ ಸಾಮಾನ್ಯವಾಗಿ ಮೇಲಿನ ಹೆಡ್ ಮಾತ್ರ ಬಿಚ್ಚಿದರೆ ಸಾಕು. ಅಂದಾಜಿನ ಮೊತ್ತ ಹಿಗ್ಗುವುದೂ ಕುಗ್ಗುವುದೂ ಇಲ್ಲಿಯೇ.

ಪರೀಕ್ಷೆಯ ಕ್ರಮ

ನಡುಕಕ್ಕೆ ಒತ್ತಡದ ಕೊರತೆಯೇ ಕಾರಣವಾಗಿರಬೇಕೆಂದಿಲ್ಲ. ಆದ್ದರಿಂದ ಮೊದಲು ಸ್ಪಾರ್ಕ್ ಪ್ಲಗ್ ಮತ್ತು ಕಾಯಿಲ್‌ಗಳನ್ನು ಒಂದು ಸಿಲಿಂಡರಿನಿಂದ ಇನ್ನೊಂದಕ್ಕೆ ಬದಲಿಸಿ ನೋಡಬೇಕು. ದೋಷವೂ ಜೊತೆಗೆ ಸ್ಥಳಾಂತರಗೊಂಡರೆ ಆ ಬಿಡಿಭಾಗವನ್ನು ಬದಲಿಸಿದರೆ ಸಾಕು.

ದೋಷ ಅಲ್ಲಿಯೇ ಉಳಿದರೆ, ಎಂಜಿನ್ ಬಿಸಿಯಿರುವಾಗ ಎಲ್ಲ ಪ್ಲಗ್‌ಗಳನ್ನು ಕಳಚಿ, ಇಂಧನ ಹಾಗೂ ಕಿಡಿಯ ಸಂಪರ್ಕ ತಪ್ಪಿಸಿ, ಒಂದು ಪ್ಲಗ್ ರಂಧ್ರಕ್ಕೆ ಗೇಜ್ ಕೂರಿಸಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಸ್ಟಾರ್ಟರ್‌ನಿಂದ ಐದಾರು ಸೆಕೆಂಡು ತಿರುಗಿಸಿ, ಬಂದ ಅಂಕಿಯನ್ನು ಬರೆದುಕೊಳ್ಳಬೇಕು. ಪ್ರತಿ ಸಿಲಿಂಡರಿಗೂ ಇದೇ ಕ್ರಮ. ಬ್ಯಾಟರಿ ದುರ್ಬಲವಾಗಿದ್ದರೆ ಅಂಕಿಗಳು ಸುಳ್ಳು ಹೇಳುತ್ತವೆ.

ಟೈರಿಗೆ ಗಾಳಿ ಹಿಡಿಸುವಾಗ ಹೇಳುವ ಪಿ.ಎಸ್.ಐ. ಮಾನವೇ ಇಲ್ಲಿಯೂ ಬಳಕೆಯಾಗುತ್ತದೆ. ಸುಸ್ಥಿತಿಯ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 150ರಿಂದ 180ರ ಆಸುಪಾಸು ತೋರಿಸುತ್ತದೆ. ಒಂದು ಸೂಕ್ಷ್ಮ ಗಮನಿಸಿರಿ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ವಾಯುಭಾರ ಸುಮಾರು ಶೇ. 10ರಷ್ಟು ಕಡಿಮೆ. ಆದುದರಿಂದ ಎಲ್ಲ ಸಿಲಿಂಡರುಗಳೂ ಸಮಾನವಾಗಿ ಅಷ್ಟು ಕಡಿಮೆ ತೋರಿಸಿದರೆ ಅದು ದೋಷವಲ್ಲ. ಸಿಲಿಂಡರ್‌ಗಳ ನಡುವಣ ವ್ಯತ್ಯಾಸವೇ ಮುಖ್ಯ.

ಅಂಕಿಗಳು ಹೇಳುವುದೇನು?

ಕಡಿಮೆ ಅಂಕಿಯ ಸಿಲಿಂಡರಿಗೆ ಒಂದು ಸಣ್ಣ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಗಣನೀಯವಾಗಿ ಏರಿದರೆ ರಿಂಗ್ ಸವೆದಿದೆ, ಆಯಿಲ್ ತಾತ್ಕಾಲಿಕವಾಗಿ ಸಂದು ಮುಚ್ಚಿದೆ ಎಂದರ್ಥ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ನೋಡಬೇಕು. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು ಮಾತ್ರ ಕಡಿಮೆಯಿದ್ದರೆ ನಡುವಿನ ಗ್ಯಾಸ್ಕೆಟ್ ಮೇಲೆ ಸಂಶಯ ಬಲವಾಗುತ್ತದೆ.

ಖಚಿತಪಡಿಸಿಕೊಳ್ಳಲು, ವಾಲ್ವ್‌ಗಳು ಮುಚ್ಚಿರುವ ಸ್ಥಿತಿಯಲ್ಲಿ ಪಿಸ್ಟನ್ನನ್ನು ಮೇಲಕ್ಕೆ ತಂದು, ಕಂಪ್ರೆಸರ್‌ನಿಂದ ಗಾಳಿ ತುಂಬಿ ಆಲಿಸಬೇಕು. ಸೈಲೆನ್ಸರ್‌ನಲ್ಲಿ ಸದ್ದು ಕೇಳಿದರೆ ಎಕ್ಸಾಸ್ಟ್ ವಾಲ್ವ್. ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಲೆಟ್ ವಾಲ್ವ್. ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು.

ನನ್ನ ಕಾರಿನ ಅಂಕಿಗಳು 160, 85, 80, 165. ಆಯಿಲ್ ಹಾಕಿದರೂ ನಡುವಿನ ಎರಡು ಏರಲಿಲ್ಲ. ಎರಡನೆಯದಕ್ಕೆ ತುಂಬಿದ ಗಾಳಿ ಮೂರನೆಯ ಪ್ಲಗ್ ರಂಧ್ರದಿಂದ ಹೊರಬಂತು. ಸುಟ್ಟಿದ್ದು ಗ್ಯಾಸ್ಕೆಟ್. ಅದಕ್ಕೆ ಮೂಲ, ಸೋರುತ್ತಿದ್ದ ರೇಡಿಯೇಟರ್ ಪೈಪು. ಉಷ್ಣತೆಯ ಮುಳ್ಳು ಏರುತ್ತಿದ್ದುದನ್ನು ನಾನು ಕಂಡೂ ಅಲಕ್ಷಿಸಿದ್ದೆ. ಪೈಪನ್ನು ಬದಲಿಸದೆ ಗ್ಯಾಸ್ಕೆಟ್ ಮಾತ್ರ ಹಾಕಿದ್ದರೆ ಅದೂ ಸುಡುತ್ತಿತ್ತು.

ಡೀಸೆಲ್ ವಾಹನಗಳಿಗೆ ಎಚ್ಚರಿಕೆ

ಡೀಸೆಲ್ ಎಂಜಿನ್‌ನಲ್ಲಿ ಕಿಡಿಯಿಲ್ಲ. ಅದುಮಿದ ಗಾಳಿಯ ಕಾವೇ ಇಂಧನವನ್ನು ಹೊತ್ತಿಸುತ್ತದೆ. ಆದುದರಿಂದ ಒತ್ತಡ ಕುಸಿದಾಗ ಬೆಳಗಿನ ಚಳಿಯಲ್ಲಿ ವಾಹನ ಹೊರಡುವುದೇ ಕಷ್ಟ. ಇದರ ಒತ್ತಡ ಪೆಟ್ರೋಲ್ ಎಂಜಿನ್ನಿನ ಎರಡು ಪಟ್ಟಿಗೂ ಹೆಚ್ಚಿರುವುದರಿಂದ ಪ್ರತ್ಯೇಕ ಗೇಜ್ ಬೇಕು. ಆಯಿಲ್ ಹಾಕುವ ಪರೀಕ್ಷೆಯನ್ನು ಇದರಲ್ಲಿ ಮಾಡಿಸಕೂಡದು. ಎಂಜಿನ್ನಿಗೆ ಹಾನಿಯಾಗುವ ಸಂಭವವಿದೆ.

ಅನುಮೋದನೆಗೆ ಮುನ್ನ ಸದಸ್ಯರು ಕೇಳಬೇಕಾದುದು

1. ಪ್ರತಿ ಸಿಲಿಂಡರಿನ ಒತ್ತಡದ ಅಂಕಿಯನ್ನು ಅಂದಾಜಿನೊಂದಿಗೆ ಲಿಖಿತವಾಗಿ ಲಗತ್ತಿಸಲಾಗಿದೆಯೇ?
2. ಸೋರಿಕೆ ಎಲ್ಲಿದೆ, ಅದನ್ನು ಹೇಗೆ ಖಚಿತಪಡಿಸಿಕೊಳ್ಳಲಾಯಿತು?
3. ದೋಷದ ಮೂಲ ಕಾರಣವನ್ನು ಸರಿಪಡಿಸುವ ಅಂಶ ಅಂದಾಜಿನಲ್ಲಿದೆಯೇ?
4. ತೆಗೆದ ಹಳೆಯ ಬಿಡಿಭಾಗಗಳನ್ನು ಪಂಚಾಯಿತಿಗೆ ಹಿಂದಿರುಗಿಸಲಾಗುವುದೇ?
5. ದುರಸ್ತಿಯ ನಂತರ ಮತ್ತೆ ಅಳೆದ ಅಂಕಿಗಳನ್ನು ವಾಹನದ ದಾಖಲೆಯಲ್ಲಿ ನಮೂದಿಸಲಾಗುವುದೇ?

ಸ್ವಚ್ಛ ವಾಹಿನಿ ನಡೆಸುವ ನಮ್ಮ ಅನೇಕ ಮಹಿಳಾ ಚಾಲಕಿಯರು ಎಂಜಿನ್ನಿನ ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಗುರುತಿಸುತ್ತಾರೆ. ‘ನೀರು ಬೇಗ ಕಡಿಮೆಯಾಗುತ್ತಿದೆ’, ‘ಏರಿನಲ್ಲಿ ಎಳೆಯುತ್ತಿಲ್ಲ’ ಎಂದು ಅವರು ಹೇಳಿದ ದಿನವೇ ಬರೆದಿಟ್ಟು ತಪಾಸಣೆ ಮಾಡಿಸಿದರೆ ಬಹಳಷ್ಟು ‘ಎಂಜಿನ್ ಕೆಲಸ’ಗಳು ಸಭೆಯ ತನಕ ಬರುವುದೇ ಇಲ್ಲ. ತಾವು ಅವರ ಮಾತಿಗೆ ಕಿವಿಗೊಡಬೇಕೆಂದು ಕೋರುತ್ತೇನೆ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ