ಬೆಟ್ಟದ ನೆತ್ತಿಯ ಊರುಗಳು, ಕೆಳಗೆ ಬಿಳಿಗಲ್ಲಿನ ಕಡಲು

ಇಟಲಿ ಎಂದೊಡನೆ ನಮ್ಮವರ ಕಣ್ಣೆದುರು ಬಂದು ನಿಲ್ಲುವುದು ರೋಮ್ ನಗರದ ಪಾಳುಬಿದ್ದ ಬಯಲು ರಂಗಮಂದಿರ, ವೆನಿಸಿನ ದೋಣಿ, ಪೀಸಾದ ವಾಲುಗೋಪುರ. ನಾವು ಪತಿಪತ್ನಿಯರಿಬ್ಬರೂ ಈ ಮೂರನ್ನೂ ಬಿಟ್ಟು ಹನ್ನೆರಡು ದಿನಗಳನ್ನು ‘ಮಾರ್ಕೆ’ ಎಂಬ ಪ್ರಾಂತದಲ್ಲಿ ಕಳೆದು ಬಂದೆವು ಎಂದಾಗ ನೆಂಟರಿಷ್ಟರು ಹುಬ್ಬೇರಿಸಿದರು. ಆದರೆ ಆ ಪ್ರಾಂತದ ಹೆಸರಿನ ಅರ್ಥವನ್ನು ತಿಳಿದರೆ ಈ ಪತ್ರಿಕೆಯ ಓದುಗರು ನಮ್ಮನ್ನು ಮನ್ನಿಸಿಯಾರು. ‘ಮಾರ್ಕೆ’ ಎಂದರೆ ಗಡಿನಾಡುಗಳು! ಹೆಸರೇ ಗಡಿನಾಡಾಗಿರುವ ಸೀಮೆಯನ್ನು ಕಾಸರಗೋಡಿನವರಾದ ನಾವು ನೋಡದೆ ಬಂದರೆ ಹೇಗೆ?

ಹೊರಡುವ ಮುನ್ನ ಮನೆಯಲ್ಲಿ ಒಂದು ಮಾತು ಅರ್ಧಕ್ಕೆ ನಿಂತಿತ್ತು. ಹಳ್ಳಿಯಲ್ಲಿರುವ ನಮ್ಮ ಹಿರಿಯರ ಹೆಂಚಿನ ಮನೆ ಆರು ವರ್ಷಗಳಿಂದ ಬೀಗ ಹಾಕಿಕೊಂಡು ನಿಂತಿದೆ. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಕೊಳ್ಳುವವರೊಬ್ಬರು ಬಂದು ಕೇಳಿದ್ದರು. “ಹಿಂತಿರುಗಿದ ಮೇಲೆ ಉತ್ತರ ಕೊಡುತ್ತೇವೆ” ಎಂದು ಹೇಳಿ ನಾವು ವಿಮಾನ ಹತ್ತಿದ್ದೆವು.

ಉರ್ಬಿನೊ: ಇಟ್ಟಿಗೆಯ ರಾಜಧಾನಿ

ಮಾರ್ಕೆಯ ಪಶ್ಚಿಮಕ್ಕೆ ಅಪೆನೈನ್ ಪರ್ವತಶ್ರೇಣಿ, ಪೂರ್ವಕ್ಕೆ ಏಡ್ರಿಯಾಟಿಕ್ ಸಮುದ್ರ. ನಡುವೆ ಅಲೆಯಲೆಯಾಗಿ ಹಬ್ಬಿದ ಗುಡ್ಡಗಳು. ಗುಡ್ಡಗಳ ನೆತ್ತಿಯ ಮೇಲೆ ಕೋಟೆಗೋಡೆ ಸುತ್ತಿಕೊಂಡ ಊರುಗಳು. ನಮ್ಮಲ್ಲಿ ಊರು ಕಟ್ಟುವವರು ನೀರಿರುವ ತಗ್ಗನ್ನು ಹುಡುಕಿದರೆ, ಇವರು ಬೆಟ್ಟವನ್ನು ಹತ್ತಿದ್ದೇಕೆ? ರೋಮನ್ ಸಾಮ್ರಾಜ್ಯ ಕುಸಿದ ಮೇಲೆ ಬಯಲಿನಲ್ಲಿ ದಂಡಯಾತ್ರೆಗಳ ಕಾಟ, ಕರಾವಳಿಯಲ್ಲಿ ಕಡಲ್ಗಳ್ಳರ ಭಯ, ಜೌಗುನೆಲದಲ್ಲಿ ಮಲೇರಿಯಾ. ಎತ್ತರದಲ್ಲಿ ಜೀವಕ್ಕೆ ರಕ್ಷೆಯಿತ್ತು. ಅದಕ್ಕೆ ತೆತ್ತ ಬೆಲೆ ದಿನನಿತ್ಯದ ಏರುದಾರಿ. ನಮ್ಮ ಮೊಣಕಾಲುಗಳು ಆ ಬೆಲೆಯಲ್ಲಿ ಒಂದು ಪಾಲನ್ನು ಇಂದಿಗೂ ತೆರುತ್ತಿವೆ.

ಕಡಲತೀರದ ಪೇಸರೊ ಪಟ್ಟಣದಿಂದ ಉರ್ಬಿನೊಗೆ ಬಸ್ಸಿನಲ್ಲಿ ಹೋದೆವು. ಆ ಊರಿನ ರೈಲುಮಾರ್ಗ 1987ರಲ್ಲೇ ಮುಚ್ಚಿಹೋಗಿದೆ. ಕೊನೆಯ ತಿರುವಿನಲ್ಲಿ ಎರಡು ತೆಳು ಗೋಪುರಗಳ ಅರಮನೆ ಥಟ್ಟನೆ ಎದುರಾದಾಗ ಬಸ್ಸಿನಲ್ಲಿದ್ದ ಪ್ರವಾಸಿಗರೆಲ್ಲ ಒಮ್ಮೆಲೇ ಮೌನವಾದರು. ಇದನ್ನು ಕಟ್ಟಿಸಿದವನು ಡ್ಯೂಕ್ ಫೆದೆರೀಕೊ ದ ಮೊಂತೆಫೆಲ್ತ್ರೊ (1422–1482). ಹಣ ಪಡೆದು ಇತರರಿಗಾಗಿ ಯುದ್ಧ ಮಾಡುವುದು ಅವನ ವೃತ್ತಿ. ಆ ಗಳಿಕೆಯನ್ನು ಅವನು ಪುಸ್ತಕಗಳಿಗೂ ಕಲೆಗೂ ಸುರಿದ. ಕಾಳಗದ ಪಂದ್ಯವೊಂದರಲ್ಲಿ ಬಲಗಣ್ಣನ್ನು ಕಳೆದುಕೊಂಡವನಾದ್ದರಿಂದ ಅವನ ಪ್ರಸಿದ್ಧ ಭಾವಚಿತ್ರದಲ್ಲಿ ಎಡಪಾರ್ಶ್ವ ಮಾತ್ರ ಕಾಣುತ್ತದೆ.

ಅರಮನೆಯಲ್ಲಿ ನಮ್ಮ ಮನಸ್ಸನ್ನು ಸೆರೆಹಿಡಿದದ್ದು ಅವನ ಪುಟ್ಟ ಓದುಕೋಣೆ. ಗೋಡೆಯ ಕಪಾಟುಗಳ ಬಾಗಿಲು ಅರೆತೆರೆದಿವೆ, ಒಳಗೆ ಪುಸ್ತಕಗಳು, ವಾದ್ಯಗಳು. ಕೈಚಾಚಿದರೆ ಅಲ್ಲಿ ಕಪಾಟೇ ಇಲ್ಲ! ಬಣ್ಣಬಣ್ಣದ ಮರದ ಚೂರುಗಳನ್ನು ಕೂಡಿಸಿ ಮಾಡಿದ ಸಮತಟ್ಟಾದ ಕೆತ್ತುಗೆಲಸ ಅದು. ಇದೇ ಊರಿನಲ್ಲಿ 1483ರಲ್ಲಿ ಚಿತ್ರಕಾರ ರಾಫೆಲ್ ಹುಟ್ಟಿದ. ಅವನ ಮನೆಯ ಅಂಗಳದಲ್ಲಿ, ಚಿತ್ರಕಾರನೇ ಆಗಿದ್ದ ಅವನ ತಂದೆ ಬಣ್ಣ ಅರೆಯುತ್ತಿದ್ದನೆನ್ನುವ ಕಲ್ಲನ್ನು ತೋರಿಸುತ್ತಾರೆ. ನಮ್ಮವಳು ಅದನ್ನು ನೋಡಿ, “ಅಜ್ಜಿಯ ಅರೆಯುವ ಕಲ್ಲಿನ ಹಾಗೆಯೇ ನಡುವೆ ಸವೆದಿದೆ” ಎಂದಳು.

ಗಡಿ ಸರಿದ ಕಣಿವೆ

ಮರುದಿನ ಸಾನ್ ಲೇಯೊ. ಕಡಿದಾದ ಒಂದೇ ಬಂಡೆ, ಅದರ ಮೇಲೆ ಊರು, ಊರಿನ ಮೇಲೆ ಕೋಟೆ. ಒಳಹೋಗಲು ಒಂದೇ ದಾರಿ. ಈ ಕೋಟೆ ಮುಂದೆ ಸೆರೆಮನೆಯಾಯಿತು. ಯುರೋಪಿನ ದೊರೆಗಳನ್ನೂ ಮರುಳು ಮಾಡಿದ ಮಾಯಾವಿ ಕಾಲ್ಯೊಸ್ತ್ರೊ 1795ರಲ್ಲಿ ಇಲ್ಲಿಯೇ ಸತ್ತ. ಅವನನ್ನಿಟ್ಟ ಕೋಣೆಗೆ ಛಾವಣಿಯ ಕಿಂಡಿಯೊಂದೇ ದಾರಿಯಾಗಿತ್ತು.

ಆದರೆ ಸಾನ್ ಲೇಯೊ ನಮಗೆ ಹೇಳಿದ ನಿಜವಾದ ಕಥೆ ಬೇರೆ. ನೂರಾರು ವರ್ಷ ಉರ್ಬಿನೊದ ಕಡೆಗಿದ್ದ ಈ ಊರು ಈಗ ಮಾರ್ಕೆಯಲ್ಲಿ ಇಲ್ಲ. ಮಾರೆಕ್ಯಾ ಹೊಳೆಯ ಮೇಲಣ ಕಣಿವೆಯ ಏಳು ಪುರಸಭೆಗಳು, ‘ನಮ್ಮ ಹೊಳೆ ಹರಿಯುವುದು ರಿಮಿನಿಗೆ, ನಮ್ಮ ಸಂತೆ, ಆಸ್ಪತ್ರೆ, ಶಾಲೆಗಳ ದಾರಿಯೂ ಅತ್ತಲೇ, ನಮ್ಮನ್ನು ನೆರೆಯ ಪ್ರಾಂತಕ್ಕೆ ಸೇರಿಸಿ’ ಎಂದು ಕೇಳಿದವು. ಇಟಲಿಯ ಸಂವಿಧಾನದ 132ನೆಯ ವಿಧಿ ಇಂಥ ಕೋರಿಕೆಗೆ ಜನಮತದ ಹಾದಿಯನ್ನು ಇಟ್ಟಿದೆ. 2006ರ ಡಿಸೆಂಬರಿನಲ್ಲಿ ಜನ ಮತ ಹಾಕಿದರು. 2009ರ ಆಗಸ್ಟಿನಲ್ಲಿ ಸಂಸತ್ತಿನ ಕಾನೂನಿನಂತೆ ಏಳು ಊರುಗಳೂ ಎಮಿಲಿಯಾ-ರೊಮಾನ್ಯಾ ಪ್ರಾಂತವನ್ನು ಸೇರಿದವು. 2007ರಲ್ಲಿ ಮತ ಹಾಕಿದ ಇನ್ನೆರಡು ಊರುಗಳು 2021ರವರೆಗೆ ಕಾಯಬೇಕಾಯಿತು.

1967ರ ಮಹಾಜನ ವರದಿಯ ಹೆಸರನ್ನು ಹಿರಿಯರ ಬಾಯಿಂದ ಕೇಳುತ್ತ ಬೆಳೆದ ನಾವು ಆ ಚೌಕದ ಕಲ್ಲುಬೆಂಚಿನ ಮೇಲೆ ಬಹಳ ಹೊತ್ತು ಕುಳಿತೆವು. ಅಲ್ಲಿನ ಪ್ರಶ್ನೆ ಭಾಷೆಯದಾಗಿರಲಿಲ್ಲ, ನಮ್ಮದರೊಡನೆ ಅದನ್ನು ತಾಳೆಹಾಕುವುದೂ ಸರಿಯಲ್ಲ. ಆದರೂ ಕೇಳಿದ ಪ್ರಶ್ನೆಗೆ ತಡವಾಗಿಯಾದರೂ ಒಂದು ಉತ್ತರ ಸಿಕ್ಕಿತಲ್ಲ ಎಂಬುದು ನಮ್ಮನ್ನು ಯೋಚನೆಗೆ ಹಚ್ಚಿತು.

ಊಟದ ಮಾತು

ನಾವು ಸಸ್ಯಾಹಾರಿಗಳು. ಇಟಲಿಯಲ್ಲಿ ಸಸ್ಯಾಹಾರಿಗೆ ಕೊರತೆಯಿಲ್ಲ ಎಂದು ಹೇಳಿದವರ ಮಾತು ಮುಕ್ಕಾಲು ನಿಜ. ಉಳಿದ ಕಾಲುಭಾಗ ಎಚ್ಚರದ್ದು. ಉರ್ಬಿನೊದಲ್ಲಿ ‘ಕ್ರೆಶ್ಯಾ’ ಎಂಬ ಪದರುಪದರಾದ ಬಿಸಿರೊಟ್ಟಿಯನ್ನು ಕಂಡು, ನಮ್ಮ ಪರೋಟವೇ ಕಡಲು ದಾಟಿ ಬಂದಿದೆ ಎಂದು ಹಿಗ್ಗಿ ಅರ್ಧ ತಿಂದೆವು. ಆಮೇಲೆ ಕೇಳಿದರೆ ಹಿಟ್ಟಿಗೆ ಮೊಟ್ಟೆಯ ಜೊತೆ ಹಂದಿಯ ಕೊಬ್ಬನ್ನೂ ಬೆರೆಸುತ್ತಾರಂತೆ! ಅಂಗಡಿಯಾಕೆ ಪಾಪ, ನಮಗಿಂತ ಹೆಚ್ಚು ನೊಂದುಕೊಂಡಳು. ಅಂದಿನಿಂದ ‘ಸೆನ್ಸಾ ಕಾರ್ನೆ, ಸೆನ್ಸಾ ಸ್ತ್ರುತ್ತೊ’, ಅಂದರೆ ಮಾಂಸ ಬೇಡ, ಹಂದಿಕೊಬ್ಬು ಬೇಡ, ಎಂಬುದು ನಮ್ಮ ಜಪಮಂತ್ರವಾಯಿತು. ಗಿಣ್ಣುಗಳ ವಿಷಯದಲ್ಲೂ ಹೀಗೆಯೇ. ಪಾರ್ಮದ ಹೆಸರಾಂತ ಗಟ್ಟಿ ಗಿಣ್ಣಿಗೆ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆ. ಮಡಿವಂತರು ತಿಳಿದಿರುವುದು ಲೇಸು.

ಇಷ್ಟಾದರೂ ನಾವು ಹಸಿದಿರಲಿಲ್ಲ. ಹೊಲದ ಬದುವಿನ ಕಾಡುಸೊಪ್ಪುಗಳನ್ನು ಬೇಯಿಸಿ, ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿ ಹುರಿದು ಕೊಡುತ್ತಾರೆ; ಥೇಟು ನಮ್ಮ ಪಲ್ಯ, ತೆಂಗಿನಕಾಯಿ ಒಂದು ಇಲ್ಲ. ಸೆರ್ರಾ ದೆ ಕೋಂತಿ ಎಂಬ ಊರಿನ ‘ಚಿಚೆರ್ಕ್ಯಾ’ ಎಂಬ ಕಾಳಿನ ಸಾರು ಇನ್ನೂ ಸ್ವಾರಸ್ಯದ್ದು. ಅದು ನಮ್ಮ ದೇಶದ ಕೇಸರಿ ಬೇಳೆಯ ಜಾತಿಯದೇ. ಬರಗಾಲದಲ್ಲಿ ಅದನ್ನೇ ನೆಚ್ಚಿ ತಿಂಗಳುಗಟ್ಟಲೆ ತಿಂದವರ ಕಾಲು ಸೋತುಹೋಗುತ್ತಿತ್ತು. ಮಿತವಾಗಿ, ಚೆನ್ನಾಗಿ ನೆನೆಸಿ, ನೀರು ಚೆಲ್ಲಿ ಬೇಯಿಸಿದರೆ ರುಚಿಯಾದ ಕಾಳು. ಬಡವರ ಕಾಳೆಂದು ಮರೆತುಹೋಗುತ್ತಿದ್ದುದನ್ನು ಊರಿನವರು ಮತ್ತೆ ಬೆಳೆದು ಉಳಿಸಿಕೊಂಡಿದ್ದಾರೆ. ಒಂದು ಕಿವಿಮಾತು: ಈ ಸೀಮೆಯ ಬ್ರೆಡ್ಡಿಗೆ ಉಪ್ಪನ್ನೇ ಹಾಕುವುದಿಲ್ಲ. ನಮ್ಮ ಚೀಲದಲ್ಲಿದ್ದ ಮಿಡಿಮಾವಿನ ಉಪ್ಪಿನಕಾಯಿ ಅಲ್ಲಿ ಧನ್ಯವಾಯಿತು.

ಸೂರ್ಯ ಹುಟ್ಟುವ ಕಡಲು

ಏಡ್ರಿಯಾಟಿಕ್ ತೀರ ಬಹುಮಟ್ಟಿಗೆ ಚಪ್ಪಟೆ ಮರಳು. ಬಾಡಿಗೆಯ ಕೊಡೆಗಳ ಸಾಲು ಗದ್ದೆಯ ನಾಟಿಯಂತೆ ಅಚ್ಚುಕಟ್ಟಾಗಿ ನಿಂತಿರುತ್ತದೆ. ನಡುನಡುವೆ ಯಾರು ಬೇಕಾದರೂ ಬಟ್ಟೆ ಹಾಸಿ ಕೂರಬಹುದಾದ ಮುಕ್ತ ತೀರಗಳೂ ಇವೆ. ಅಂಕೋನ ನಗರದ ದಕ್ಷಿಣಕ್ಕೆ ಮಾತ್ರ 572 ಮೀಟರಿನ ಕೊನೆರೊ ಬೆಟ್ಟ ನೇರವಾಗಿ ಕಡಲಿಗೆ ಇಳಿಯುತ್ತದೆ. ಬಿಳಿಯ ಸುಣ್ಣಕಲ್ಲಿನ ಕಮರಿ, ಮೇಲೆ ಹಸುರು ಕಾಡು, ಕೆಳಗೆ ನೀಲಿ ನೀರು. 1987ರಿಂದ ಇದು ರಕ್ಷಿತ ಉದ್ಯಾನ. ಸಿರೊಲೊ ಎಂಬ ಊರಿನ ಚೌಕದ ಅಂಚಿನಲ್ಲಿ ನಿಂತರೆ ಕಾಲಡಿಯಲ್ಲೇ ಕಡಲು. ನುಮಾನಾದಿಂದ ದೋಣಿಯಲ್ಲಿ ಹೋಗಿ ‘ಅಕ್ಕತಂಗಿಯರು’ ಎಂದು ಹೆಸರಿರುವ ಜೋಡಿ ಬಂಡೆಗಳ ಬಳಿಯ ಬೆಣಚುಕಲ್ಲಿನ ತೀರವನ್ನು ನೋಡಿದೆವು. ಒಂದೆರಡು ನುಣುಪು ಕಲ್ಲುಗಳನ್ನು ಮೊಮ್ಮಕ್ಕಳಿಗೆಂದು ಸೆರಗಿಗೆ ಕಟ್ಟಿಕೊಂಡಿದ್ದೆವು. ಕಲ್ಲು, ಮರಳನ್ನು ತೀರದಿಂದ ಒಯ್ಯುವುದು ಅಲ್ಲಿ ದಂಡಾರ್ಹ ಅಪರಾಧವೆಂದು ದೋಣಿಯವನು ಹೇಳಿದಾಗ ನಾಚಿ ಅಲ್ಲಿಯೇ ಬಿಟ್ಟೆವು.

ಬೇಕಲದ ಕೋಟೆಯಿಂದ ಕಡಲಿನಲ್ಲಿ ಸೂರ್ಯ ಮುಳುಗುವುದನ್ನು ಬಾಲ್ಯದಿಂದ ನೋಡಿದವರು ನಾವು. ಕಡಲಿನಿಂದ ಸೂರ್ಯ ಏಳುವುದನ್ನು ಸಿರೊಲೊದಲ್ಲಿ ಮೊದಲ ಬಾರಿಗೆ ಕಂಡೆವು.

ಬೀಗದ ಮನೆಗಳು

ಕೊನೆಯ ಮೂರು ದಿನ ಆಸ್ಕೊಲಿ ಪಿಚೇನೊದಲ್ಲಿ ತಂಗಿದೆವು. ಊರೆಲ್ಲ ಟ್ರಾವರ್ಟೀನ್ ಎಂಬ ತಿಳಿಬಣ್ಣದ ಕಲ್ಲು. ಮಳೆ ನಿಂತ ಸಂಜೆ ದೊಡ್ಡ ಚೌಕದ ನೆಲ ಕನ್ನಡಿಯಂತೆ ಹೊಳೆಯುತ್ತದೆ. ರೋಮಿಗೂ ಏಡ್ರಿಯಾಟಿಕ್ ಕಡಲಿಗೂ ನಡುವಣ ಪುರಾತನ ಉಪ್ಪಿನ ರಸ್ತೆ ಇಲ್ಲಿಂದಲೇ ಪರ್ವತ ಹತ್ತುತ್ತದೆ. ಆ ರಸ್ತೆಯಲ್ಲಿ ಒಂದು ದಿನ ಆರ್ಕ್ವಾತಾ ದೆಲ್ ತ್ರೊಂತೊ ಎಂಬ ಬೆಟ್ಟದೂರಿನ ತಪ್ಪಲಿನವರೆಗೆ ಹೋದೆವು. 2016ರ ಆಗಸ್ಟ್ 24ರ ನಸುಕಿನಲ್ಲಿ ನೆಲ ನಡುಗಿ ಈ ಊರೂ ಪಕ್ಕದ ಪ್ರಾಂತದ ಅಮಾತ್ರಿಚೆ ಮೊದಲಾದ ಊರುಗಳೂ ನೆಲಸಮವಾದವು. 299 ಜನ ಸತ್ತರು. ಬದುಕಿದವರಿಗೆ ತಗ್ಗಿನಲ್ಲಿ ಸಣ್ಣ ತಾತ್ಕಾಲಿಕ ಮನೆಗಳನ್ನು ಕಟ್ಟಿಕೊಟ್ಟರು. ಮೇಲೆ ಕ್ರೇನುಗಳು ನಿಂತಿದ್ದವು.

ಭೂಕಂಪ ತಟ್ಟದ ಊರುಗಳಲ್ಲೂ ಕಿಟಕಿ ಮುಚ್ಚಿದ ಮನೆಗಳು ಬೇಕಾದಷ್ಟು. ಒಂದು ಕಾಲಕ್ಕೆ ಇಲ್ಲಿನ ರೈತರು ಬೆಳೆದ ಬೆಳೆಯಲ್ಲಿ ಅರ್ಧವನ್ನು ಒಡೆಯನಿಗೆ ಅಳೆಯುತ್ತಿದ್ದರು. 1964ರ ಕಾನೂನು ಹೊಸದಾಗಿ ಅಂಥ ಕರಾರು ಮಾಡುವುದನ್ನು ನಿಷೇಧಿಸುವ ಹೊತ್ತಿಗಾಗಲೇ ಯುವಕರು ಕಾರ್ಖಾನೆಗಳನ್ನೂ ಕರಾವಳಿಯನ್ನೂ ಹುಡುಕಿಕೊಂಡು ಬೆಟ್ಟ ಇಳಿಯತೊಡಗಿದ್ದರು. ಇಳಿದವರನ್ನು ದೂರುವಂತಿಲ್ಲ.

ಆರ್ಕ್ವಾತಾದ ಬಳಿಯ ಕಾಫಿಯಂಗಡಿಯಲ್ಲಿ ಒಬ್ಬ ಮುದುಕಿ ತನ್ನ ಕೊರಳಿನ ದಾರದಲ್ಲಿದ್ದ ಬೀಗದಕೈಯನ್ನು ತೋರಿಸಿದಳು. ಅದರ ಮನೆ ಈಗಿಲ್ಲ. ಭಾಷೆ ಬಾರದ ನಮಗೂ ಅದು ಅರ್ಥವಾಯಿತು.

ಊರಿಗೆ ಮರಳಿದ ಮೇಲೆ ಕೊಳ್ಳಲು ಬಂದವರಿಗೆ, ಇನ್ನೆರಡು ವರ್ಷ ತಾಳಿ ಎಂದು ಹೇಳಿದ್ದೇವೆ. ಮುಂದಿನದು ಮಕ್ಕಳ ತೀರ್ಮಾನ. ಈ ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸಿ, ಚಾವಡಿಗೆ ಸುಣ್ಣ ಬಳಿಸಿದೆವು. ಬೀಗ ತೆಗೆಯುವಾಗ ತುಕ್ಕಿನಿಂದ ತುಸು ಸತಾಯಿಸಿತು. ಎಣ್ಣೆ ಬಿಟ್ಟ ಮೇಲೆ ತೆರೆದುಕೊಂಡಿತು.